ಅಲುಗದ ನಾಲ್ಕು ನಿಮಿಷ

ಗೋಡೆಯ ಮೇಲೆ ಲೇಸರಿನ ಎರಡು ಹಸಿರು ಚುಕ್ಕೆ, ಒಂದು ಫಿಲ್ಮನ್ನು ಹಾದು ನೇರವಾಗಿ ಬಂದದ್ದು, ಇನ್ನೊಂದು ಫಿಲ್ಮಿನೊಳಗಿನ ಗೆರೆಗಳು ಪಕ್ಕಕ್ಕೆ ತಿರುಗಿಸಿದ್ದು, ಗೆರೆ ಕಲಸಿಹೋಗಿದ್ದರೆ ಆ ಎರಡನೆಯದು ಇರಲೇಬಾರದು, ಇದೆ, ಕಣ್ಣು ಕುಕ್ಕುವ ಹಾಗಿದೆ, ಏನಮ್ಮಾ, ಅವತ್ತು ಉಸಿರೇ ಆಡ್ಲಿಲ್ವಾ ನೀನು, ಬೆನ್ನ ಹಿಂದೆ ಲ್ಯಾಬಿನ ಹಿರಿಯರು, ಹೊಗಳಿಕೆಯೇ ಇರಬೇಕು, ಅವಳಿಗೆ ನಗಬೇಕೋ ಅಳಬೇಕೋ ತಿಳಿಯದು, ಅವತ್ತು ಅಂದರೆ ಈ ಫಿಲ್ಮು ತೆಗೆದ ದಿನ, ಅಪ್ಪ ಆಪರೇಷನ್ನಿಗೆ ಒಳಗೆ ಹೋದವರು ಮತ್ತೆ ಕಣ್ಣು ಬಿಡದ ದಿನ, ಮೂರು ಸಲ ನಿಂಗೆ ಫೋನ್ ಮಾಡ್ಕೊಟ್ಟೆ ಕಣೇ, ಒಳಗೆ ಕರ್ಕೊಂಡು ಹೋಗೋವರೆಗೂ ಅಪ್ಪ ಫೋನು ಕಿವಿಗಿಟ್ಕೊಂಡೇ ಇದ್ರು, ಅಂದ ಅಣ್ಣ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಫೋನು ಲ್ಯಾಬಿನ ಹೊರಗಿನ ಡಬ್ಬದಲ್ಲಿತ್ತು ಅಣ್ಣ, ನಮ್ಮಲ್ಲಿ ರೂಲ್ಸು ಹಾಗೆ, ಅಂದಿದ್ದಳು, ಅತ್ತಿಗೆಗೂ ಅದನ್ನೇ, ಚಿಕ್ಕಮ್ಮನಿಗೂ ಅದನ್ನೇ, ಹೇಳಿ ಹೇಳಿ ಈಗ ಡಬ್ಬದ ಮುಚ್ಚಳ ತೆಗೆದು ಫೋನಿಟ್ಟ ನೆನಪೂ ಬರುತ್ತಿದೆ — ಇಟ್ಟಿದ್ದಳೇ? ಇಟ್ಟಿರಬೇಕು, ದಿನಾ ಇಡುವವಳಲ್ಲವೇ, ಆದರೆ ಅವತ್ತು ಅಪ್ಪ ಆಸ್ಪತ್ರೆಯಲ್ಲಿದ್ದರು, ಅಂಥ ದಿನ ಯಾರಾದರೂ ಇಡುತ್ತಾರೆಯೇ?

ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ದೀಯ, ಒಂದು ನಿಮಿಷ ನೆಟ್ಟಗೆ ನಿಲ್ಲೇ, ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಟೈಲರ್ ಅಪ್ಪ, ಬಾಯಲ್ಲಿ ಗುಂಡುಪಿನ್ನು, ಚಿಕ್ಕಂದಿನಲ್ಲಿ ನಿಲ್ಲುತ್ತಿರಲಿಲ್ಲ ಅವಳು, ಅವಳ ಲಂಗಗಳೆಲ್ಲ ಒಂದು ಕಡೆ ಗಿಡ್ಡ, ಅಂಥವಳಿಗೆ ಸಿಕ್ಕಿದ್ದು ನಿಲ್ಲುವ ಕೆಲಸ, ಲೇಸರನ್ನು ಎರಡಾಗಿ ಸೀಳಿ ಫಿಲ್ಮಿನ ಮೇಲೆ ಮತ್ತೆ ಕೂಡಿಸಬೇಕು, ಕೂಡಿದಲ್ಲಿ ಕೂದಲಿಗಿಂತ ನೂರು ಪಾಲು ಸಣ್ಣ ಗೆರೆಗಳು ಮೂಡುತ್ತವೆ, ಮೂಡುವ ನಾಲ್ಕು ನಿಮಿಷ ಬಾಗಿಲು ತೆರೆಯಬಾರದು, ಮಾತಾಡಬಾರದು, ಒಂದು ಹೆಜ್ಜೆ ಇಟ್ಟರೆ ಗಾಳಿ ಅಲುಗಿ ಎಲ್ಲ ಹಾಳು, ಅವತ್ತೂ ನಿಂತಳು, ಕೋಟಿನ ಜೇಬು, ಬಲ ತೊಡೆ, ಗುರ್ ಎಂದಿತು — ಇಲ್ಲ, ಫೋನು ಡಬ್ಬದಲ್ಲಿತ್ತು — ಗುರ್ ಎಂದಿತು, ನಿಂತಿತು, ಮತ್ತೆ, ತೊಡೆ ಸುಳ್ಳು ಹೇಳುವುದಿಲ್ಲ, ಇನ್ನೊಂದೇ ನಿಮಿಷ ಅಪ್ಪ, ತುಟಿ ತೆರೆಯದೆ ಅಂದದ್ದೂ ನೆನಪಿದೆ, ಬೆಳಗ್ಗೆಯಿಂದ ಎರಡು ಫಿಲ್ಮು ಕೆಟ್ಟಿದ್ದವು, ಇದೊಂದು ಆಗಲಿ, ಹಾಳಾದ ಫಿಲ್ಮು, ಆಗ ಒಂದಿಷ್ಟು ಕದಲಿದ್ದರೆ, ಜೇಬಿಗೆ ಬೆರಳು ತಾಕಿಸಿದ್ದರೆ, ಈಗ ಗೋಡೆಯ ಮೇಲೆ ಒಂದೇ ಚುಕ್ಕೆ ಇರುತ್ತಿತ್ತು, ನೋಡಿ ಸಾರ್ ಕೆಟ್ಟಿದೆ ಎನ್ನುತ್ತಿದ್ದಳು, ಎಷ್ಟು ಹಗುರಾಗಿ ಎನ್ನುತ್ತಿದ್ದಳು, ಮೂರನೇ ಸಲ ಗುರ್ ಎಂದಿತು, ಅವಳು ನೆಟ್ಟಗೆ ನಿಂತೇ ಇದ್ದಳು, ನೋಡಪ್ಪ, ನಿಂತೆ, ಗೋಡೆಯ ಮೇಲೆ ಎರಡನೇ ಚುಕ್ಕೆ, ಹಸಿರು, ಒಂದಿಷ್ಟೂ ಅಲುಗದ ಎರಡನೇ ಚುಕ್ಕೆ