ಏಳನೇ ಕೋಣೆಯ ಕೊನೆಯ ಮೇಲ್

ಆ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು, ಮ್ಯಾನೇಜರು ಕೂಡ. ನಿಜವಾಗಿ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ. ಅಲ್ಲಿನ ಮೆಕ್ಯಾನಿಕ್, ಅವಳ ಗಂಡನ ತಮ್ಮ, ಸ್ಪ್ಯಾನರ್ ಎಂದು ಹೆಸರು ಬಿದ್ದವನು. ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಆಫೀಸಿನ ಬಾಗಿಲಲ್ಲಿ ನಿಂತು ‘ಅತ್ತಿಗೇ’ ಎಂದು ಕೂಗಿದ್ದೇ ಕೂಗಿದ್ದು, ಆ ಹೆಸರು ಅವಳಿಗೆ ಅಂಟಿಕೊಂಡುಬಿಟ್ಟಿತು. ಅವಳು ಮದುವೆಯಾಗಿ ಬಂದಾಗ ಅವನಿಗೆ ಹನ್ನೊಂದು ವರ್ಷ. ತಾಯಿ ಇರಲಿಲ್ಲ. ಅವನ ತಲೆ ಬಾಚಿದವಳು, ಜ್ವರಕ್ಕೆ ಕೂತು ನೋಡಿಕೊಂಡವಳು, ಹಟ ಮಾಡಿದಾಗ ಎರಡು ಬಿಗಿದವಳು ಎಲ್ಲ ಇವಳೇ. ಈಗ ಅವನಿಗೆ ಮೂವತ್ತಾಗಿತ್ತು. ಮುಂದಿನ ತಿಂಗಳು ಮದುವೆ.

ಉಗ್ರಾಣದಲ್ಲಿ ಇಡುತ್ತಿದ್ದದ್ದು ಸೇಬು. ಒಟ್ಟು ಹದಿನಾಲ್ಕು ಕೋಣೆಗಳು, ಒಂದೊಂದೂ ಎರಡಂತಸ್ತಿನಷ್ಟು ಎತ್ತರ. ಸೇಬನ್ನು ತಣ್ಣಗಿಟ್ಟರೆ ಸಾಲದು. ಕೋಣೆಯ ಬಾಗಿಲು ಬಿಗಿದು, ಒಳಗಿನ ಗಾಳಿಯಿಂದ ಆಮ್ಲಜನಕವನ್ನು ಓಡಿಸಿಬಿಟ್ಟರೆ ಹಣ್ಣು ಎಂಟು ತಿಂಗಳು ನಿದ್ದೆ ಮಾಡುತ್ತದೆ. ನಾವು ನೀವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ಮುಚ್ಚಿದ ಕೋಣೆಯಲ್ಲಿ ಎರಡೇ ಎರಡು ಪಾಲು. ಅಲ್ಲಿ ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಒಳಗೆ ಹೋದವನು ಎರಡು ಉಸಿರು ಎಳೆದುಕೊಂಡು ಮೂರನೆಯದಕ್ಕೆ ಮಂಡಿ ಊರುತ್ತಾನೆ. ಅದಕ್ಕೇ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಕೋಣೆಗೆ ಕಾಲಿಡುವ ಮೊದಲು ಆಫೀಸಿಗೆ ಫೋನ್ ಮಾಡಬೇಕು. ಅತ್ತಿಗೆ ಆಮ್ಲಜನಕದ ಅಂಕಿ ನೋಡಿ ‘ಹೋಗಿ’ ಅಂದ ಮೇಲೆಯೇ ಚಿಲಕಕ್ಕೆ ಕೈ ಹಾಕಬೇಕು.

ಅಂಕಿ ಬರುತ್ತಿದ್ದದ್ದು ಮೇಲ್‌ನಲ್ಲಿ. ಪ್ರತಿ ಕೋಣೆಯ ಮಾಪಕ ಹತ್ತು ನಿಮಿಷಕ್ಕೊಂದು ಮೇಲ್ ಕಳಿಸುತ್ತಿತ್ತು, ಹಗಲೂ ರಾತ್ರಿ. ಲೆಕ್ಕ ಹಾಕಿದರೆ ದಿನಕ್ಕೆ ಎರಡು ಸಾವಿರ. ಅವಳ ಕಂಪ್ಯೂಟರಾದರೋ ಉಗ್ರಾಣದಷ್ಟೇ ಹಳೆಯದು. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಇಲ್ಲ, ಏನು ಮಾಡಬೇಕಾದರೂ ಕೀ ಒತ್ತಿಯೇ ಮಾಡಬೇಕು. ಆ ಎರಡು ಸಾವಿರದ ನಡುವೆ ಎರಡು ಪಟ್ಟಿಗಳ ಗಲಾಟೆ ಬೇರೆ. ಬೆಳೆಗಾರರದೊಂದು ಪಟ್ಟಿ, ಉಗ್ರಾಣದ ಕೆಲಸಗಾರರದೊಂದು ಪಟ್ಟಿ. ಪಟ್ಟಿಯ ವಿಳಾಸಕ್ಕೆ ಒಬ್ಬರು ಬರೆದರೆ ಅದರಲ್ಲಿದ್ದವರಿಗೆಲ್ಲ ಹೋಗುತ್ತದೆ. ಯಾರೋ ಛತ್ರಿ ಕಳೆದುಹೋಯಿತೆಂದು ಬರೆದರೆ ಸಾಕು, ಛತ್ರಿ ನೋಡಿಲ್ಲ ಎಂದು ತಿಳಿಸಲು ಮೂವತ್ತು ಜನ ಬರೆಯುತ್ತಿದ್ದರು.

ಹೀಗಿರುವಾಗ ದೊಡ್ಡ ಗಿರಾಕಿಯೊಬ್ಬರ ಪತ್ರ ಆ ರಾಶಿಯಲ್ಲಿ ಕಳೆದುಹೋಗಿ ಮೂರು ದಿನದ ಮೇಲೆ ಸಿಕ್ಕಿತು. ಮ್ಯಾನೇಜರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

“ಏನ್ರೀ ಅತ್ತಿಗೆ ಇದು? ಹುಲ್ಲಿನ ಬಣವೇಲಿ ಸೂಜಿ ಹುಡುಕೋ ಕೆಲ್ಸಾನಾ ನಮ್ದು? ಒಂದು ದಾರಿ ಮಾಡಿ.”

ಅವಳು ದಾರಿ ಮಾಡಿದಳು. ಹಳೆ ಗುಮಾಸ್ತರು ಬಿಟ್ಟುಹೋಗಿದ್ದ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲ್ ತಂತ್ರಾಂಶದ ಸೆಟ್ಟಿಂಗ್ಸ್ ಕಡತವನ್ನು ತೆರೆದು, ಸಾಲು ಸಾಲಾಗಿ ಬರೆದಳು. ಒಂದನೇ ಕೋಣೆಯಿಂದ ಬಂದದ್ದು ಒಂದನೇ ಫೋಲ್ಡರಿಗೆ, ಎರಡರದ್ದು ಎರಡನೆಯದಕ್ಕೆ, ಹೀಗೆ ಹದಿನಾಲ್ಕು. ಈ ವಿಳಾಸಗಳು ಪಟ್ಟಿಗಳು, ಇವುಗಳಿಂದ ಬಂದದ್ದೆಲ್ಲ ‘ಹರಟೆ’ ಎಂಬ ಫೋಲ್ಡರಿಗೆ. ಅದನ್ನು ವಾರಕ್ಕೊಮ್ಮೆ, ಶನಿವಾರ, ಪುರುಸೊತ್ತಾಗಿ ನೋಡಿದರಾಯಿತು. ಎರಡು ದಿನ ಊಟದ ಹೊತ್ತೂ ಮರೆತು ಕೂತಿದ್ದಳು. ಒಂದು ಚುಕ್ಕಿ ತಪ್ಪಿದರೂ ತಂತ್ರಾಂಶ ಮುಖ ತಿರುಗಿಸುತ್ತಿತ್ತು, ಇವಳು ಅದನ್ನು ಬಾಯಿಗೆ ಬಂದಂತೆ ಬೈದು ಮತ್ತೆ ತಿದ್ದುತ್ತಿದ್ದಳು. ಮೂರನೆಯ ದಿನ ಅಂಚೆಪೆಟ್ಟಿಗೆ ತೆರೆದರೆ ಒಳಗೆ ಇದ್ದದ್ದು ಏಳೇ ಏಳು ಪತ್ರ. ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅಚ್ಚುಕಟ್ಟು ಮಾಡುವುದೂ ಒಂದು ಚಟ. ಒಂದು ಕಪಾಟು ಒಪ್ಪ ಮಾಡಿದವರ ಕೈ ಇನ್ನೊಂದಕ್ಕೆ ತಾನಾಗಿಯೇ ಹೋಗುತ್ತದೆ. ಕೋಣೆಗಳ ಫೋಲ್ಡರುಗಳ ಮುಂದೆ ‘ಹೊಸದು’ ಎಂಬ ಗುರುತು ಸದಾ ಮಿಣುಕುತ್ತಿದ್ದದ್ದು ಅವಳ ಕಣ್ಣು ಚುಚ್ಚುತ್ತಿತ್ತು. ಬಂದದ್ದನ್ನೆಲ್ಲ ಆಗಲೇ ಓದಿದಂತೆ ಗುರುತು ಹಾಕು ಎಂದು ಒಂದು ಸಾಲು ಸೇರಿಸಿದಳು. ಇನ್ನು ಸಾಲಿನ ಮೊದಲಿಗೆ ಬರುತ್ತಿದ್ದ ದಿನಾಂಕ ಜಾಗ ತಿಂದು, ಬೇಕಾದ ಅಂಕಿಯೇ ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಬರುವ ಮೇಲ್‌ಗೆ ದಿನಾಂಕ ಯಾತಕ್ಕೆ ಎಂದುಕೊಂಡು ಅದನ್ನೂ ಕಿತ್ತುಹಾಕಿದಳು. ಈಗ ಪ್ರತಿ ಸಾಲಿನಲ್ಲೂ ಎರಡೇ ಸಂಗತಿ: ಕೋಣೆ, ಅಂಕಿ. ಎಲ್ಲಕ್ಕಿಂತ ಮೇಲೆ ಕೊನೆಗೆ ಬಂದದ್ದು.

ಮ್ಯಾನೇಜರು ಬಂದು ನೋಡಿ, “ಭೇಷ್” ಅಂದರು. ಅವರ ಬಾಯಿಂದ ಆ ಮಾತು ಕೇಳಿ ಹನ್ನೆರಡು ವರ್ಷವಾಗಿತ್ತು.

ಐದು ದಿನ ಎಲ್ಲ ಸಲೀಸಾಗಿ ನಡೆಯಿತು. ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಬಡಿದುಕೊಂಡಿತು.

“ಅತ್ತಿಗೆ, ನಾನು. ರಜ ಮುಗೀತು, ಬಂದೆ.”

“ಬಂದ್ಯಾ ಮದುಮಗ? ಮನೆಗೆ ಬಣ್ಣ ಬಳಿದಾಯ್ತಾ?”

“ಬಳಿದೆ, ಮೈಗೆಲ್ಲಾ ಬಳ್ಕೊಂಡೆ. ಅವಳಿಗೆ ಹಸಿರು ಬೇಕಂತೆ, ಅರ್ಧ ಮುಗಿದ್ಮೇಲೆ ಹೇಳ್ತಾಳೆ.” ಅವನು ನಕ್ಕ. “ಏಳರಲ್ಲಿ ಫ್ಯಾನ್ ಕಿರ್‍ರೋ ಅಂತಿದೆ ಅಂತ ಮ್ಯಾನೇಜರು ಜೀವ ತಿಂತಾವ್ರೆ. ನಾನು ರಜಕ್ಕೆ ಹೋಗೋವಾಗ ಏಳಕ್ಕೆ ಹೊರಗಿನ ಗಾಳಿ ಬಿಡ್ತಾ ಇದ್ರು. ತುಂಬಿದೆಯಾ ನೋಡಿ ಹೇಳಿ.”

ಅವಳು ಏಳನೇ ಫೋಲ್ಡರ್ ತೆರೆದಳು. ಮೇಲಿನ ಸಾಲು: ಕೋಣೆ ಏಳು, ಇಪ್ಪತ್ತೊಂದು. ಅದರ ಕೆಳಗೆ ಇಪ್ಪತ್ತೊಂದು. ಅದರ ಕೆಳಗೂ ಇಪ್ಪತ್ತೊಂದು. ಮೊದಲಾಗಿದ್ದರೆ ಹುಡುಕಲು ಐದು ನಿಮಿಷ ಬೇಕಾಗುತ್ತಿತ್ತು. ಅದನ್ನು ಯೋಚಿಸಿ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

“ಇಪ್ಪತ್ತೊಂದು ಇದೆ. ಹೋಗು.”

“ಹೋದೆ. ಹಿಂದಿನ ಏಣಿ ಕಡೆಯಿಂದ ಹತ್ತಿದ್ರೆ ಫ್ಯಾನು ಹತ್ತಿರ. ಮಧ್ಯಾಹ್ನ ಊಟಕ್ಕೆ ನಿಮ್ ಡಬ್ಬೀಗೇ ಕೈ ಹಾಕ್ತೀನಿ, ಆಮೇಲೆ ಬೈಬೇಡಿ.”

ಫೋನ್ ಇಟ್ಟು ಅವಳು ನೋಂದಣಿ ಪುಸ್ತಕ ಎಳೆದುಕೊಂಡಳು. ಒಳಗೆ ಹೋದವರ ಹೆಸರು, ಕೋಣೆ, ಅಂಕಿ, ಆ ಅಂಕಿ ಬಂದ ಹೊತ್ತು ಇಷ್ಟನ್ನೂ ಬರೆಯಬೇಕು. ಹೊತ್ತು ಪರದೆಯ ಮೇಲೆ ಇರಲಿಲ್ಲ, ಅವಳೇ ತೆಗೆದುಹಾಕಿದ್ದಳಲ್ಲ. ಅದಕ್ಕೆ ಮೇಲಿನ ಮೇಲ್ ಅನ್ನು ಬಿಡಿಸಿದಳು. ತಲೆಬರಹದಲ್ಲಿ ದಿನಾಂಕ ಕಂಡಿತು.

ಸೋಮವಾರ, ಸಂಜೆ ಐದೂ ನಲವತ್ತು.

ಅವಳು ಅದನ್ನು ಎರಡು ಸಲ ಓದಿದಳು. ತಪ್ಪು ಮೇಲ್ ತೆರೆದಿರಬೇಕೆಂದು ಹಿಂದೆ ಹೋಗಿ ಮತ್ತೆ ತೆರೆದಳು. ಅದೇ ಸೋಮವಾರ. ಆಮೇಲೆ ಏಳನೇ ಕೋಣೆಯಿಂದ ಒಂದೇ ಒಂದು ಮೇಲ್ ಬಂದಿರಲಿಲ್ಲ. ಬರುವುದು ನಿಂತದ್ದು ಯಾರ ಕಣ್ಣಿಗೂ ಬೀಳದಂತೆ ಅವಳು ಎಲ್ಲವನ್ನೂ ಒಪ್ಪ ಮಾಡಿಟ್ಟಿದ್ದಳು. ‘ಹರಟೆ’ ಫೋಲ್ಡರಿಗೆ ಹೋಗಿ ಏಳು ಎಂದು ಹುಡುಕಿದಳು. ಛತ್ರಿ, ಬಸ್ಸಿನ ಸಮಯ, ಯಾರದೋ ಮಗು ಹುಟ್ಟಿದ ಸುದ್ದಿ, ಇವುಗಳ ನಡುವೆ ಮೇಸ್ತ್ರಿ ಸೋಮವಾರ ರಾತ್ರಿ ಕೆಲಸಗಾರರ ಪಟ್ಟಿಗೆ ಬರೆದದ್ದು ಸಿಕ್ಕಿತು: ಏಳರ ಹಣ್ಣು ಒಯ್ಯಬೇಕಿದ್ದ ಲಾರಿ ಬರಲಿಲ್ಲ. ಹಣ್ಣು ಕೆಡುತ್ತದೆಂದು ಏಳನ್ನು ಮತ್ತೆ ಮುಚ್ಚಿ ಗಾಳಿ ತೆಗೆದಿದ್ದೇವೆ. ಮುಂದಿನ ಬಾಗಿಲಿಗೆ ಬೋರ್ಡ್ ಹಾಕಿದೆ. ಬಾಗಿಲು ಹಾಕುವಾಗ ಮಾಪಕದ ತಂತಿ ಸಂದಿಗೆ ಸಿಕ್ಕಿ ತುಂಡಾಗಿದೆ, ಸ್ಪ್ಯಾನರ್ ಬಂದ ಮೇಲೆ ಸರಿ ಮಾಡಿಸಬೇಕು. ಅಲ್ಲಿವರೆಗೆ ಯಾರೂ ಹೋಗಬೇಡಿ.

ಬೋರ್ಡ್ ಇದ್ದದ್ದು ಮುಂದಿನ ಬಾಗಿಲಿಗೆ, ಅವನು ಹೋದದ್ದು ಹಿಂದಿನ ಏಣಿಗೆ.

ಅವನಿಗೆ ಫೋನ್ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ಬಲು ಮರ್ಯಾದೆಯಿಂದ ಹೇಳಿತು. ಆ ಕೋಣೆಗಳ ಒಳಗೆ ಸಿಗ್ನಲ್ ಸಿಗುವುದಿಲ್ಲ. ಅಂದರೆ ಅವನು ಆಗಲೇ ಒಳಗಿದ್ದಾನೆ. ಗೇಟಿಗೆ ಫೋನ್ ಮಾಡಿ, “ಏಳಕ್ಕೆ ಗಾಳಿ ಸಿಲಿಂಡರ್ ತನ್ನಿ, ಮುಖವಾಡ ತನ್ನಿ, ಒಬ್ಬ ಒಳಗಿದ್ದಾನೆ” ಎಂದು ಕಿರುಚಿದಳು. ಉತ್ತರಕ್ಕೆ ಕಾಯದೆ ಓಡಿದಳು.

ಉದ್ದನೆಯ ಓಣಿ, ಎರಡೂ ಕಡೆ ಎತ್ತರದ ಉಕ್ಕಿನ ಬಾಗಿಲುಗಳು, ಕಂಪ್ರೆಸರುಗಳ ಒಂದೇ ಸಮನೆ ಗೊರಗೊರ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಮೇಲೆ ಮನುಷ್ಯ ಬಗ್ಗಿ ನುಗ್ಗುವಷ್ಟು ದೊಡ್ಡ ಕಿಂಡಿಬಾಗಿಲು ತೆರೆದೇ ಇತ್ತು. ಒಳಗೆ ಹಲಗೆಯ ದಾರಿ, ಅದರ ಕೊನೆಗೆ ಫ್ಯಾನು. ಅವಳು ಉಸಿರು ಬಿಗಿಹಿಡಿದು ಇಣುಕಿದಳು. ಆರು ಹೆಜ್ಜೆ ದೂರದಲ್ಲಿ ಅವನು ಮಗ್ಗುಲಾಗಿ ಬಿದ್ದಿದ್ದ, ಸುಸ್ತಾಗಿ ಅಲ್ಲೇ ಒರಗಿದವನ ಹಾಗೆ. ಟಾರ್ಚು ಉರಿಯುತ್ತಲೇ ಇತ್ತು. ಅವನ ಮೊಣಕೈಯಲ್ಲಿ ಹಸಿರು ಬಣ್ಣ ಮೆತ್ತಿಕೊಂಡಿತ್ತು.

ಆರು ಹೆಜ್ಜೆ. ಉಸಿರು ಕಟ್ಟಿ ಓಡಿ, ಕಾಲು ಹಿಡಿದು ಎಳೆದುತಂದರೆ? ಆ ಉಗ್ರಾಣದಲ್ಲಿ ಕೆಲಸ ಮಾಡುವವರಿಗೆಲ್ಲ ಈ ಪ್ರಶ್ನೆಗೆ ಉತ್ತರ ಗೊತ್ತು. ಎಂಬತ್ತು ಕಿಲೋ ಎಳೆಯುವವರು ಉಸಿರು ಕಟ್ಟಿಕೊಂಡಿರಲು ಆಗುವುದಿಲ್ಲ. ಬಿದ್ದವನ ಹಿಂದೆ ಹೋದವನೇ ಎರಡನೇ ಹೆಣ. ಅವಳು ಕಿಂಡಿಯ ಹೊರಗೆ ನಿಂತಳು. ಬರೀ ನಿಂತುಕೊಂಡಿರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಕೆಳಗೆ ಫೋರ್ಕ್‌ಲಿಫ್ಟ್ ಗಕ್ಕನೆ ನಿಂತ ಸದ್ದು. ಅದನ್ನು ಓಡಿಸುತ್ತಿದ್ದವನು ಅವಳ ಗಂಡ. ಗೇಟಿನವರ ಕೂಗು ಕೇಳಿ ಬಂದಿದ್ದ. ಎರಡೆರಡು ಮೆಟ್ಟಿಲು ದಾಟಿ ಏಣಿ ಏರಿದ, ಅವಳ ಭುಜದ ಮೇಲಿಂದ ಒಳಗೆ ನೋಡಿದ.

“ಸರಿಯೇ ಆಕಡೆ!”

“ಬೇಡ ರೀ. ಮುಖವಾಡ ತರ್ತಾ ಇದಾರೆ.”

“ಸರಿ ಅಂದೆ! ಅವ್ನು ನನ್ ತಮ್ಮ ಕಣೇ!”

“ಅವ್ನು ನನ್ ಮಗ ಕಣ್ರೀ,” ಅಂದಳು ಅವಳು.

ಬೆನ್ನನ್ನು ಕಿಂಡಿಗೆ ಕೊಟ್ಟು, ಎರಡೂ ಕಡೆಯ ಕಂಬಿಗಳನ್ನು ಹಿಡಿದು ನಿಂತಳು. ಅವನು ತಳ್ಳಿದ. ಕೈ ಬಿಡಿಸಲು ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೈ ಎತ್ತದವನು ಅವಳ ಕೆನ್ನೆಗೆ ಹೊಡೆದ. ಅವಳು ಕದಲಲಿಲ್ಲ. ಬೈಯುತ್ತ, ಬೇಡುತ್ತ, ಕೊನೆಗೆ ಅವನು ಅವಳ ಹೆಗಲಿಗೆ ತಲೆಯಿಟ್ಟು ಗೊಳೋ ಎಂದು ಅಳತೊಡಗಿದ. ಮುಖವಾಡದವರು ಬರಲು ಇನ್ನೂ ನಾಲ್ಕು ನಿಮಿಷ ಹಿಡಿಯಿತು.

ಕೆಳಗಿಳಿಸಿ ಸಿಮೆಂಟ್ ನೆಲದ ಮೇಲೆ ಮಲಗಿಸಿದಾಗ ಅವನ ತುಟಿ ನೀಲಿಯಾಗಿತ್ತು. ಎದೆ ಒತ್ತಿದರು, ಬಾಯಿಗೆ ಗಾಳಿ ಕೊಟ್ಟರು, ಡಾಕ್ಟರು ಬಂದು ತಾವೂ ಒತ್ತಿದರು. ಆಮೇಲೆ ಡಾಕ್ಟರು ಗಡಿಯಾರ ನೋಡಿಕೊಂಡು ಎದ್ದು ನಿಂತರು.

ಮ್ಯಾನೇಜರ ಮುಖದಲ್ಲಿ ರಕ್ತವೇ ಇರಲಿಲ್ಲ. “ಹೋಗೋ ಮೊದ್ಲು ಇವ್ನು ಆಫೀಸಿಗೆ ಕೇಳಿದ್ನಾ?” ಅಂದರು, ಯಾರನ್ನೂ ನೋಡದೆ.

ಅವಳ ಗಂಡ ನೆಲದ ಮೇಲೆ ಕೂತು ತಮ್ಮನ ಕಾಲು ಹಿಡಿದುಕೊಂಡಿದ್ದ. “ಎಲ್ಲಿ ಕೇಳ್ತಾನೆ ಸಾರ್. ಅವ್ನಿಗೆ ಎಲ್ಲದ್ರಲ್ಲೂ ಆತುರ. ಕೇಳಿದ್ರೆ ಅವನತ್ತಿಗೆ ಬಿಡ್ತಿದ್ಲಾ?” ಎಂದವನು ಅವಳ ಕಡೆ ತಿರುಗಿದ. “ನನ್ನನ್ನೂ ಉಳಿಸಿದ್ದು ಇವಳೇ. ಹೊಡೆದ್ಬಿಟ್ಟೆ ಕಣೇ ನಿನ್ನ.”

ಸುತ್ತ ನಿಂತವರು ತಲೆಯಾಡಿಸಿದರು. ಯಾರೋ ಒಂದು ಲೋಟ ನೀರು ತಂದು ಅವಳ ಕೈಗಿಟ್ಟರು. ನೋಂದಣಿ ಪುಸ್ತಕದಲ್ಲಿ ಅವಳಿನ್ನೂ ಏನೂ ಬರೆದಿರಲಿಲ್ಲ. ಫೋನಿನಲ್ಲಿ ಆಡಿದ ಮಾತು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬ ಕಣ್ಣು ಮುಚ್ಚಿ ಮಲಗಿದ್ದ, ಆತುರಗಾರ ಎಂಬ ಹೆಸರು ಹೊತ್ತುಕೊಂಡು.

ಅವಳು ಲೋಟವನ್ನು ನೆಲಕ್ಕಿಟ್ಟಳು.

“ಕೇಳಿದ್ದ,” ಅಂದಳು. “ಫೋನ್ ಮಾಡಿ ಕೇಳಿದ್ದ. ಇಪ್ಪತ್ತೊಂದಿದೆ, ಹೋಗು ಅಂತ ನಾನೇ ಅಂದೆ.”

ಗಂಡ ಅವಳನ್ನು ನೋಡಿದ, ಅರ್ಥವಾಗದವನಂತೆ. ಅರ್ಥವಾಗುತ್ತ ಬಂದಂತೆ ಅವನು ನಿಧಾನವಾಗಿ ಎದ್ದು, ತಮ್ಮನ ಇನ್ನೊಂದು ಪಕ್ಕಕ್ಕೆ ಹೋಗಿ, ಅವಳಿಗೆ ಬೆನ್ನು ಹಾಕಿ ಕುಳಿತುಕೊಂಡ.