ಮಣ್ಣು ಕಡಿಯುವ ಹಲ್ಲು

ಖಾನಾಪುರದ ಆ ಹೆಂಚಿನ ಕಾರ್ಖಾನೆಗೆ ಯಾವ ಮಣ್ಣು ಒಳಗೆ ಬರಬೇಕು, ಯಾವುದು ಗೇಟಿನಿಂದಲೇ ತಿರುಗಿ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಗುರುಪುತ್ರಪ್ಪನ ಹಲ್ಲು. ಚಿಟಿಕೆ ಮಣ್ಣು ಬಾಯಿಗೆ ಹಾಕಿ, ಮೆಲ್ಲಗೆ ಕಡಿದು, ಉಗುಳಿ, "ಆಗ್ತೈತಿ" ಅಥವಾ "ಆಗೂದಿಲ್ಲ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಆ ಮಾತಿಗೆ ಎದುರು ಮಾತಿರಲಿಲ್ಲ. ೧೯೭೮ರಲ್ಲಿ ಒಂದು ಭಟ್ಟಿಯ ಹೆಂಚು ಪೂರ್ತಿ ಸಿಡಿದು ಹಾಳಾದಾಗಲೂ ಜನ ಬೆಂಕಿಯನ್ನು ಬೈದರು, ಕಟ್ಟಿಗೆಯನ್ನು ಬೈದರು, ಅವನ ಹಲ್ಲಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಆ ಹಲ್ಲೇ ೧೯೭೯ರ ಮೇ ಕೊನೆಯಲ್ಲಿ ಕೈಕೊಟ್ಟಿತು. ಬಲದವಡೆಯಲ್ಲಿ ಹುಳುಕು ಹತ್ತಿ, ನೋವು ತಾಳದೆ ಬೆಳಗಾವಿಗೆ ಹೋಗಿ ಕೀಳಿಸಿಕೊಂಡು ಬಂದ. ಇವತ್ತು ತಣ್ಣೀರಿನ ಬಟ್ಟೆ ಇಡು, ಶಾಖ ಮಾತ್ರ ಕೊಡಬೇಡ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಆದರೆ ಹೆಂಚು ಸುಡುವವರ ಮನೆಯಲ್ಲಿ ಸೊಂಟ ಹಿಡಿದರೂ ಕಾಲು ಉಳುಕಿದರೂ ಬಿಸಿ ಹೆಂಚಿನ ಚೂರೇ ಔಷಧ. ಹೆಂಡತಿ ಬಾಳವ್ವ ಒಲೆಯಲ್ಲಿ ಹೆಂಚು ಕಾಯಿಸಿ, ಬಟ್ಟೆ ಸುತ್ತಿ, ಕಕ್ಕುಲತೆಯಿಂದ ಒತ್ತಿಯೇ ಒತ್ತಿದಳು. ಬೆಳಗಾಗುವಷ್ಟರಲ್ಲಿ ಗಂಡನ ಬಲಗೆನ್ನೆ ಗಡಿಗೆಯಂತೆ ಉಬ್ಬಿ, ಕಣ್ಣು ಅರ್ಧ ಮುಚ್ಚಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯಲೊಲ್ಲದು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವ ಹಾಗೆ ಅಂದೇ ಹೊಸ ಹೊಲದ ಮಣ್ಣಿನ ಲಾರಿ ಬಂದು ನಿಂತಿತು.

"ಮಳಿ ಹತ್ರ ಬಂತು," ಎಂದ ಮಾಲೀಕ ಭರಮಪ್ಪ. "ಸಂಜಿ ಒಳಗ ಹೂಂ ಅನ್ನಲಿಲ್ಲಂದ್ರ ಈ ಹೊಲದ ಮಣ್ಣು ಬ್ಯಾರೇದವರ ಪಾಲು. ಮಳಿಗಾಲ ಪೂರ್ತಿ ನಲವತ್ತು ಮಂದಿ ಕೆಲಸ ಇದರ ಮ್ಯಾಲ ಐತಿ. ಒಂದೀಟು ನೋಡ್ರಿ, ಗುರುಪುತ್ರಪ್ಪ."

ಇವತ್ತು ನನ್ನ ಕೈಲಿ ಆಗುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಗುರುಪುತ್ರಪ್ಪನಿಗೆ ಹೆದರಿಕೆ, ಇಂದು ತಾನಿಲ್ಲದೆ ಕೆಲಸ ನಡೆದರೆ ನಾಳೆಯೂ ನಡೆದೀತು ಎಂದು. ಲಾರಿಯ ಮೇಲಿನಿಂದ ಚಿಟಿಕೆ ಮಣ್ಣು ತೆಗೆದು ಊದಿದ ತುಟಿಗೆ ಒಯ್ದ.

"ಕಾಕಾ, ಹಸಿ ಗಾಯದಾಗ ಮಣ್ಣು ಹಾಕ್ಕೋತೀರೇನು? ಇಲ್ಲಿ ಕೊಡ್ರಿ. ನಾ ನೋಡ್ತೀನಿ."

ಮದರಬೀ. ಹದಿನಾಲ್ಕು ವರ್ಷದಿಂದ ಅಲ್ಲಿ ಮಣ್ಣು ತುಳಿಯುತ್ತಿದ್ದವಳು. ನಾಲ್ಕು ಜನ ನಕ್ಕರು. ಅವಳು ಅತ್ತ ನೋಡಲಿಲ್ಲ. ಗುರುಪುತ್ರಪ್ಪನ ಕೈಯ ಮಣ್ಣು ಕಡಿದಳು, ಉಗುಳಿದಳು. ಆಮೇಲೆ ಸಲಿಕೆ ಹಿಡಿದು ಲಾರಿ ಹತ್ತಿ, ಮೂರು ಕಡೆ ತಳದವರೆಗೆ ಬಗೆದು, ಮೂರನ್ನೂ ಕಣ್ಣು ಮುಚ್ಚಿ ಕಡಿದಳು. ಇಪ್ಪತ್ತು ವರ್ಷದಲ್ಲಿ ಗುರುಪುತ್ರಪ್ಪ ತಳ ಬಗೆದವನಲ್ಲ, ಮೇಲಿನ ಚಿಟಿಕೆಯಲ್ಲೇ ಮುಗಿಸುತ್ತಿದ್ದ.

"ಮ್ಯಾಲಿಂದು ಬೆಣ್ಣಿ ಐತಿ," ಎಂದಳು ಇಳಿದು ಬಂದು. "ತಳದಾಗ ಸುಣ್ಣದ ಹರಳು ಅದಾವ. ಉಸುಕು ಹಲ್ಲಿಗೆ ಕರ್ ಅಂತೈತಿ, ಸುಣ್ಣ ಪುಡಿ ಆಗ್ತೈತಿ. ಸುಟ್ಟ ಮ್ಯಾಲ ಹೆಂಚಿಗೆ ನೀರು ತಾಕಿದ್ರ ಸಿಡೀತಾವ."

"ಖರೇ ಅಂತ ಹೆಂಗ ನಂಬೂದು?" ಎಂದ ಭರಮಪ್ಪ.

ಊಟದ ಗಂಟಿನಿಂದ ನಿಂಬೆಹೋಳು ತಂದು ಒಂದು ಹರಳಿನ ಮೇಲೆ ಹಿಂಡಿದಳು. ಸುಣ್ಣಕ್ಕೆ ಹುಳಿ ತಾಕಿದರೆ ಏಳುವ ಬಿಳಿ ನೊರೆ ಗುಳುಗುಳು ಎದ್ದಿತು. ನಗುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ಮದರಬೀ ಡ್ರೈವರನ ಕಡೆ ತಿರುಗಿ, "ಈ ಮ್ಯಾಲಿಂದು ಎಲ್ಲಿ ಅಗದ್ರೋ ಅಲ್ಲಿಂದನ ತುಂಬಕೊಂಡು ಬರ್ರಿ. ಸಂಜಿತನ ಹೊತ್ತೈತಿ," ಎಂದಳು. ಎಷ್ಟು ಸಲೀಸು! ಗುರುಪುತ್ರಪ್ಪ ಒಂದೇ ಕಣ್ಣಿನಲ್ಲಿ ಅವಳನ್ನು ನೋಡುತ್ತ ನಿಂತ. ಇಂಥ ಕಸುಬುದಾರಳು ಇಷ್ಟು ದಿನ ತನ್ನ ಬಾಜುವಿಗೇ ಇದ್ದಳಲ್ಲ ಎಂದು ಬೆರಗಾದ. ಮರುಗಳಿಗೆ ಇನ್ನೊಂದು ನೆನಪಾಯಿತು.

"ಹೋದ ವರ್ಷದ ಭಟ್ಟಿ?" ಎಂದ, ಕಚ್ಚಿದ ಹಲ್ಲಿನ ಸಂದಿಯಿಂದಲೇ.

ಮದರಬೀ ನೆಲ ನೋಡಿದಳು. "ಅದರಾಗೂ ಇತ್ತು, ಕಾಕಾ. ನೀವು ನೋಡಿದ ಮ್ಯಾಲ ದಿನಾ ನಾನೂ ಕಡದು ನೋಡ್ತೀನಿ."

"ಹೇಳಲಿಲ್ಲ ಯಾಕ?"

"ನೀವು ಆಗ್ತೈತಿ ಅಂದಿದ್ರಿ. ನನ್ನ ಯಾರು ಕೇಳಿದ್ರು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುರುಪುತ್ರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆಗೆ ಒಳ್ಳೆಯ ಮಣ್ಣು ಬಂತು, ನಲವತ್ತು ಮಂದಿಯ ಕೆಲಸ ಉಳಿಯಿತು. ಬಾಳವ್ವ ಹೆಂಚು ಬಿಟ್ಟು ಡಾಕ್ಟರ ಮಾತು ಹಿಡಿದಳು. ಐದನೆಯ ದಿನ ಬಾವು ಇಳಿದು, ಬಾಯಿ ತೆರೆಯಿತು. ಅಂದು ಬಂದ ಲಾರಿಯಿಂದ ಭರಮಪ್ಪ ತಾನೇ ಒಂದು ಚಿಟಿಕೆ ತೆಗೆದು ಗುರುಪುತ್ರಪ್ಪನ ಮುಂದೆ ಹಿಡಿದ. ಜನರೆಲ್ಲ ನಿಂತು ನೋಡುತ್ತಿದ್ದರು.

"ಹೋದ ವರ್ಷ ಭಟ್ಟಿ ಕೆಟ್ಟಿದ್ದು ಬೆಂಕಿಯಿಂದ ಅಲ್ಲ," ಎಂದ ಗುರುಪುತ್ರಪ್ಪ ಎಲ್ಲರಿಗೂ ಕೇಳುವಂತೆ. "ನನ್ನಿಂದ. ಈ ಮದರಬೀಗೆ ಗೊತ್ತಿತ್ತು, ನಾವು ಕೇಳಲಿಲ್ಲ."

ಸಲಿಕೆ ತೆಗೆದುಕೊಂಡು ತಾನೇ ಲಾರಿ ಹತ್ತಿದ. ತಳದವರೆಗೆ ಬಗೆದು, ಬೊಗಸೆ ಮಣ್ಣು ತಂದು ಮದರಬೀಯ ಮುಂದೆ ಹಿಡಿದು ಕಾದ.

ಅವಳು ಕಡಿದಳು, ಉಗುಳಿದಳು. "ಆಗ್ತೈತಿ," ಎಂದಳು.

ಗುರುಪುತ್ರಪ್ಪ ಹೋಗಿ ಗೇಟು ತೆಗೆದ.