ಕೊರಳಿಂದ ಇಳಿದ ಲಿಂಗ

"ಇದನ್ನೂ ತೆಗೀಬೇಕಾಗ್ತದ್ರಿ," ಎಂದಳು ಸ್ಕ್ಯಾನ್ ಮಾಡುವ ಮೃಣಾಲಿನಿ, ಅನ್ನಪೂರ್ಣಾಳ ಕೊರಳಿನ ಬೆಳ್ಳಿ ಕರಡಿಗೆ ತೋರಿಸಿ. "ಒಳಗ ದೊಡ್ಡ ಅಯಸ್ಕಾಂತ ಅದ. ಲೋಹ ಒಯ್ಯೂಹಂಗಿಲ್ಲ."

ಬಳೆ, ಓಲೆ, ತಲೆಪಿನ್ನು ಆಗಲೇ ತಟ್ಟೆಗೆ ಬಿದ್ದಿದ್ದವು. ಆಗ ಸುಮ್ಮನಿದ್ದ ಅಪ್ಪ ನಿಜಗುಣಪ್ಪ ಈಗ ಕುರ್ಚಿಯಿಂದ ಎದ್ದೇಬಿಟ್ಟ. "ಅದರಾಗ ಲಿಂಗ ಐತ್ರಿ ಅಕ್ಕಾರ. ಕಟ್ಟಿದ ಮ್ಯಾಲೆ ಮೈಬಿಟ್ಟು ಇಳಿಸೂದಿಲ್ಲ ನಾವು. ಏಳವ್ವಾ, ಮನಿಗೆ ಹೋಗೂಣು."

ಅನ್ನಪೂರ್ಣಾ ಏಳಲಿಲ್ಲ. ಸಂಗೊಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಧಾರವಾಡದ ಈ ಆಸ್ಪತ್ರೆಗೆ ಅಪ್ಪನನ್ನು ಎಳೆದು ತಂದವಳೇ ಅವಳು. ಅವಳಿಗೆ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತದೆ. ಗುಳಿಗೆ ನುಂಗಿದರೆ ದನಿ ಸಣ್ಣದಾಗುತ್ತದೆ, ನಿಲ್ಲುವುದಿಲ್ಲ. ಊರು ಸುಮ್ಮನಿದ್ದೀತೇ? ಗಾಳಿ ಸೋಕಿದೆ ಎಂದರು ಕೆಲವರು, ಸೊಕ್ಕು ಎಂದರು ಕೆಲವರು. ಕುಪ್ಪಸ ಹೊಲಿಸಿಕೊಳ್ಳಲು ಮಾತ್ರ ಎಲ್ಲರಿಗೂ ಅವಳೇ ಬೇಕು.

ಡಾಕ್ಟರು ಸುಳ್ಳು ಆಸೆ ಹುಟ್ಟಿಸಿರಲಿಲ್ಲ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಒಂದು ತಡೆ ಇರುತ್ತದೆ, ಹೊಲದ ಒಡ್ಡಿನ ಹಾಗೆ. ಈ ಕಾಯಿಲೆಯವರಲ್ಲಿ ಅದು ಎಲ್ಲಾದರೂ ಜಿನುಗುತ್ತದೆಯೇ ಎಂದು ನರಕ್ಕೆ ಔಷಧಿ ಬಿಟ್ಟು, ಚಿತ್ರ ತೆಗೆದು ನೋಡುವ ಸಂಶೋಧನೆ ಇದು, ಇದರಿಂದ ನಿಮಗೆ ಗುಣವಾಗುವುದಿಲ್ಲ ಎಂದಿದ್ದರು. "ಮುಂದಿನವರಿಗರ ಆಗಲಿ," ಎಂದು ಅವಳು ಒಪ್ಪಿದ್ದಳು.

"ಲಿಂಗ ಇಳಿಸಿದ್ರ ಸಾಯ್ತಿ," ಎಂದ ನಿಜಗುಣಪ್ಪ.

"ಅವೂ ಹಿಂಗ ಅಂತಾವ ಯಪ್ಪಾ. ಮುಂಜಾನಿಂದ ಕಿವ್ಯಾಗ ಇದನ್ನ ಅನ್ನಾಕ ಹತ್ಯಾವ. ನೀನೂ ಅವುಗಳ ಮಾತು ಆಡಿದ್ರ ನಾ ಯಾರ ಮಾತು ಕೇಳ್ಲಿ?"

ನಿಜಗುಣಪ್ಪನಿಗೆ ಮಗಳ ಮೇಲೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು.

ಅನ್ನಪೂರ್ಣಾ ತಾನೇ ಶಿವದಾರವನ್ನು ಕೊರಳಿಂದ ಎತ್ತಿದಳು. "ಪೂಜಿಯೊಳಗ ಅಂಗೈ ಮ್ಯಾಲೆ ಇಟ್ಕೋತೇವಲ್ಲ? ನಿನ್ನ ಅಂಗೈ ನಂದ ಅಂತ ತಿಳಕೋ."

ಅವನು ಹೋಗಿ ಕೈ ತೊಳೆದುಕೊಂಡು ಬಂದು ಎಡಗೈ ಚಾಚಿದ. ಅವಳು ಕರಡಿಗೆಯನ್ನು ಅದರಲ್ಲಿಟ್ಟು, ಹಿಂತಿರುಗಿ ನೋಡದೆ ಒಳಗೆ ನಡೆದಳು.

ಬಾಗಿಲು ಮುಚ್ಚಿತು. ಯಂತ್ರ ಬಡಿದುಕೊಳ್ಳತೊಡಗಿತು. "ಕೂಡ್ರಿ ಕಾಕಾ, ಹೊತ್ತಾಗ್ತದ," ಎಂದು ಯಾರೋ ಅಂದರು. ಅವನು ಕೂಡಲಿಲ್ಲ. ಚಹಾ ಬಂತು, ಕುಡಿಯಲಿಲ್ಲ. ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಎದೆಯ ಮಟ್ಟಕ್ಕೆ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತ ನಿಂತ.

ಕೊನೆಗೆ ಅನ್ನಪೂರ್ಣಾ ಹೊರಬಂದಳು. ಮುಖವೆಲ್ಲ ಬೆವರು.

"ಏನರ ಅಂದ್ವೇನವ್ವಾ?"

"ಅಂದು ಅಂದು ಸಾಕಾದ್ವು. ಏಳು, ಓಡು, ಸಾಯ್ತಿ ಅಂತ ಒಂದ ಸಮ ಒದರಿದ್ವು. ನಾ ಅಲುಗಾಡಲಿಲ್ಲ."

"ಒಂದ ಚಿತ್ರಾನೂ ಮಸಕಾಗಿಲ್ರಿ," ಎಂದಳು ಹಿಂದೆಯೇ ಬಂದ ಮೃಣಾಲಿನಿ.

ನಿಜಗುಣಪ್ಪ ಕೈ ಬಿಚ್ಚಲು ನೋಡಿದ, ಆಗಲಿಲ್ಲ. ಸೆಟೆದುಕೊಂಡಿದ್ದ ಅವನ ಬೆರಳುಗಳನ್ನು ಅನ್ನಪೂರ್ಣಾ ಒಂದೊಂದಾಗಿ ಬಿಡಿಸತೊಡಗಿದಳು.